ಹಗ್ಗದ ಆ ತುದಿ

ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದು:
ಖಾಸಿಂಬಿ, ಅಂಗನವಾಡಿ ಸಹಾಯಕಿ, ಫೋನುಂಟು.
ಗಡ್ಡಿಯ ಮೇಲೆ ಅರವತ್ತೊಂದು ಮನೆ,
ಸುತ್ತ ಕೃಷ್ಣೆ,
ಸಿಗ್ನಲ್ಲು ಸಿಗುವುದು ಒಂದೇ ಬಂಡೆಗೆ,
ಅದೂ ಪಡುವಣಕ್ಕೆ ಮುಖ ಮಾಡಿ ನಿಂತರೆ.

ಬೇಸಿಗೆಯಲ್ಲಿ ರಾಯಚೂರಿನಿಂದ ಒಬ್ಬರು ಬಂದು
ಶಾಲೆಯ ಗೋಡೆಗೆ ಬಿಳಿ ಧೋತರ ಕಟ್ಟಿ ಚಿತ್ರ ತೋರಿಸಿದರು:
ಎಲ್ಲೋ ಹಿಮಾಲಯದಲ್ಲಿ, ಬೆಟ್ಟದ ನೆತ್ತಿಯ ಮೇಲೊಂದು ಕೆರೆ,
ಕೆರೆಗೆ ಹಿಮದ್ದೇ ಕಟ್ಟೆ.
ಒಡೆದರೆ ಕೆಳಗಿನ ಊರಿಗೆ ಉಳಿಯುವುದು ಅರ್ಧ ತಾಸು.
ಅಲ್ಲಿಯ ಹೆಂಗಸರು ಸರದಿ ಹಾಕಿಕೊಂಡು
ಕೊರಳಿಗೆ ಸೀಟಿ ಕಟ್ಟಿಕೊಂಡೇ ಮಲಗುತ್ತಾರಂತೆ.
ನಾವು ಕಂಡ ಹಿಮವೆಂದರೆ
ಮೀನಿನ ಪೆಟ್ಟಿಗೆಯೊಳಗಿನ ಐಸು.
ಆದರೂ ಆ ಸೀಟಿ ನಮಗೆ ತಿಳಿಯಿತು.

ತಿಳಿಯದ್ದು ಕ್ಯೂಸೆಕ್ಕು.
ಅಣೆಕಟ್ಟಿನವರ ಸಂದೇಶ ಬರುವುದೇ ಅದರಲ್ಲಿ:
ಇಷ್ಟು ಲಕ್ಷ, ಇಷ್ಟು ಸಾವಿರ.
ದುರಗಮ್ಮ ಕೇಳಿದಳು,
"ಸಾಹೇಬ್ರ, ಅದು ನಮ್ಮ ಎಮ್ಮಿಕಲ್ಲಿಗೆ ಎಷ್ಟಾತು?"
ಅವರು ಕನ್ನಡಕ ಒರೆಸಿಕೊಂಡರು.

ನಾವೇ ಕೂತೆವು,
ಯಾರ ಲಗ್ನದ ವರ್ಷ, ಯಾರ ಎತ್ತು ತೇಲಿಹೋದ ವರ್ಷ,
ಹಳೆಯ ನೆರೆಗಳನ್ನೆಲ್ಲ ನೆನಪಿನಿಂದ ಹೊರಗೆಳೆದು.
ಒಂದು ಲಕ್ಷಕ್ಕೆ ಎಮ್ಮಿಕಲ್ಲಿನ ಬೆನ್ನು.
ಎರಡಕ್ಕೆ ಅಗಸರ ಬಂಡೆ, ತೆಪ್ಪ ಬಂದು.
ಎರಡೂವರೆಗೆ ಹುಣಸೆಯ ಬೇರು.
ಮೂರೂವರೆಗೆ?
ಮುದುಕ ಲಾಲಸಾಬ ಮಾತಾಡಲಿಲ್ಲ,
ಎದ್ದು ಹೋಗಿ ಶಾಲೆಯ ಹೊಸ್ತಿಲು ಮುಟ್ಟಿದ.
ಅಲ್ಲಿಗೊಂದು ಕೆಮ್ಮಣ್ಣಿನ ಗೆರೆ.

ಸೈರನ್ನು ಬಂತು, ಮಾಳಿಗೆಯ ಮೇಲೆ ಕೂತಿತು.
ಆಮೇಲೆ ಯಾರೋ ಅಂದರು: ಮೌನೇಶಗ?
ಹುಟ್ಟಾ ಕಿವುಡ. ಒಂಟಿ.
ಮನೆ ಎಲ್ಲರಿಗಿಂತ ಇಳಿಜಾರಿನಲ್ಲಿ.
ಗಡ್ಡಿಯ ಬಸುರಿಯರೆಲ್ಲ ದಾಟಿದ್ದು ಅವನ ತೆಪ್ಪದಲ್ಲೇ.
ನನ್ನ ಕಿಟಕಿಯಿಂದ ಅವನ ಗೋಡೆಯ ಕಂಡಿಯೊಳಕ್ಕೆ
ಒಂದು ಹಗ್ಗ ಹಾಯಿಸಿದೆವು.
ಆ ತುದಿ ಅವನ ಎಡಗಾಲಿನ ಹೆಬ್ಬೆರಳಿಗೆ.
ಸಾಹೇಬರ ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ,
"ಇತರೆ" ಅಂತ ಬರೆದುಕೊಂಡು ಹೋದರು.

ಶ್ರಾವಣದ ಒಂದು ರಾತ್ರಿ, ಒಂದೂ ಮುಕ್ಕಾಲು.
ಬಂಡೆಯ ಸರದಿ ಅಮರೇಶನದು.
ಓಡಿ ಬಂದ, ಒಂದೇ ಕಾಲಿಗೆ ಚಪ್ಪಲಿ,
"ಮೂರೂ ಕಾಲು" ಅಂದ, ಅಷ್ಟೇ.
ಗುಂಡಿ ಒತ್ತಿದರೆ ಸೈರನ್ನು ಕೆಮ್ಮಿತು,
ಕೆಮ್ಮಿ ಸುಮ್ಮನಾಯಿತು.
ದುರಗಮ್ಮ ಹಿತ್ತಾಳೆಯ ಗಂಗಾಳ ಬಡಿಯುತ್ತ ಓಣಿ ಹಿಡಿದಳು.

ನಾನು ಹಗ್ಗ ಜಗ್ಗಿದೆ.
ಸಡಿಲ.
ಮತ್ತೆ ಜಗ್ಗಿದೆ,
ಮಳೆಗೆ ನೆನೆದ ಕತ್ತಲನ್ನೇ ಜಗ್ಗಿದ ಹಾಗೆ.
ಮೂರನೆಯ ಸಲ ಜಗ್ಗಿ ಬಾಗಿಲಿನ ಕಡೆ ತಿರುಗಿದ್ದೆ,
ಆ ಕಡೆಯಿಂದ ಜಗ್ಗಿತು.
ಎರಡು ಸಲ, ಗಟ್ಟಿಯಾಗಿ.

ಅದನ್ನು ನಾವು ಅವನಿಗೆ ಕಲಿಸಿರಲಿಲ್ಲ.
ಜಗ್ಗಿದರೆ ಏಳು, ಎಂದಷ್ಟೇ ಕೈಸನ್ನೆ ಮಾಡಿದ್ದೆವು.
ತಿಳಿಯಿತು ಅನ್ನುವ ಮಾತನ್ನು
ಅವನೇ ಹುಟ್ಟಿಸಿಕೊಂಡಿದ್ದ.

ದಿನ್ನೆಯ ಮೇಲೆ ಬೆಳಗಿನವರೆಗೆ ಕೂತೆವು,
ತಾಡಪತ್ರಿಯ ಕೆಳಗೆ ಆಡು, ಕೋಳಿ, ಕೂಸು, ರೇಷನ್ ಕಾರ್ಡು.
ನೀರು ಹುಣಸೆಯ ಬೇರು ನುಂಗಿತು,
ಕೆಮ್ಮಣ್ಣಿಗೆ ಎರಡು ಗೇಣು ಇರುವಾಗ ನಿಂತಿತು.
ಈರಪ್ಪ ಗೊಣಗಿದ, "ಸುಮ್ನ ನಿದ್ದಿ ಕೆಡಿಸಿದ್ರಿ."
"ನಿದ್ದಿ ನಾಳಿನೂ ಬರತೈತಿ" ಅಂದಳು ದುರಗಮ್ಮ,
ಗಂಗಾಳದ ನೆಗ್ಗು ನೋಡುತ್ತ.
ಮೌನೇಶನ ಮನೆಯೊಂದೇ
ಸೊಂಟದ ತನಕ ನೀರಲ್ಲಿ ನಿಂತಿತ್ತು.
ಅದನ್ನು ನೋಡುತ್ತ ಅವನು ಬೀಡಿ ಹಚ್ಚಿದ,
ಕಾಲ್ಬೆರಳಲ್ಲಿ ಇನ್ನೂ ಗಂಟು.

ಈಗ ಆ ಹಗ್ಗದ ಮೇಲೆ ಯಾರೋ ಸೀರೆ ಒಣಹಾಕುತ್ತಾರೆ,
ನಾನು ಬೈಯುತ್ತ ತೆಗೆಯುತ್ತೇನೆ.
ಯಾವ ಸಂದೇಶವೂ ಇಲ್ಲದ ರಾತ್ರಿಗಳಲ್ಲಿ ಒಮ್ಮೊಮ್ಮೆ
ಹಗ್ಗ ಮೆಲ್ಲಗೆ ಅಲುಗುತ್ತದೆ.
ಗಾಳಿಯಿರಬೇಕು. ಮಗ್ಗುಲು ಬದಲಿಸಿದನೋ ಏನೋ.
ಕತ್ತಲಲ್ಲೇ ಕೈಚಾಚಿ
ಎರಡು ಸಲ ಜಗ್ಗುತ್ತೇನೆ.